ಫೋರ್ಡ್ ಮಾಡೆಲ್ ಎ ಎಂಜಿನ್‌ಗೆ ಪ್ರೊಪೆಲ್ಲರ್ ಹಾಕುವುದು: ಏನು ಬಿಚ್ಚಬೇಕು, ಏನು ಸೇರಿಸಬೇಕು, ಎಲ್ಲಿ ಮುರಿಯುತ್ತದೆ

ಪ್ರಶ್ನೆ: 1930ರ ಸುಮಾರಿಗೆ ಅಮೆರಿಕದ ಹಳ್ಳಿಗಳಲ್ಲಿ ಫೋರ್ಡ್ ಕಾರಿನ ಎಂಜಿನ್ ಬಿಚ್ಚಿ ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ಹಾಕಿ ಹಾರಿಸುತ್ತಿದ್ದರು ಎಂದು ಓದಿದೆ. ನಮ್ಮ ಗ್ಯಾರೇಜಿನಲ್ಲಿ ಹಳೆಯ ಫೋರ್ಡ್ ಮಾಡೆಲ್ ಎ ಎಂಜಿನ್ ಒಂದಿದೆ. ಅದನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಪ್ರೊಪೆಲ್ಲರ್ ಹಾಕಿ, ಕಾಲೇಜು ಹುಡುಗರಿಗೆ ಓಡಿಸಿ ತೋರಿಸುವ ಆಸೆ. ಯಾವ ಯಾವ ಭಾಗ ಬದಲಾಯಿಸಬೇಕು? ಎಲ್ಲಿ ಕೆಡುತ್ತದೆ? ಅದರ ಶಕ್ತಿ ಬರೀ 40 ಎಚ್‌ಪಿ ಅಂತೆ. ಹಾಗಾದರೆ ಹಗುರವಾದ ಮಾರುತಿ 800 ಎಂಜಿನ್ನನ್ನೇ ಹಾಗೆ ಹಾಕಿದರೆ ಆಗದೇ?

ಉತ್ತರ: ಮೊದಲು ಕೊನೆಯ ಪ್ರಶ್ನೆ ತೆಗೆದುಕೊಳ್ಳೋಣ. ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಹಳೆಯ ಕಾರ್ಬುರೇಟರ್ ಮಾರುತಿ 800 ಎಂಜಿನ್ ಕೊಡುವುದು ಹೆಚ್ಚುಕಡಿಮೆ 37 ಎಚ್‌ಪಿ. ಕಾಗದದ ಮೇಲೆ ಮಾಡೆಲ್ ಎಗೆ ಸಮ ಅನ್ನಬಹುದು. ಆದರೆ ಆ 37 ಎಚ್‌ಪಿ ಬರುವುದು 5000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸಿನಲ್ಲಿ. ಮಾಡೆಲ್ ಎಯ 40 ಎಚ್‌ಪಿ ಬರುವುದು 2200ರಲ್ಲಿ, ಮತ್ತು 1600ರಲ್ಲೇ ಅದರಿಂದ 35ಕ್ಕೆ ಹತ್ತಿರ ಸಿಗುತ್ತದೆ. ವ್ಯತ್ಯಾಸ ಇರುವುದು ಟಾರ್ಕ್‌ನಲ್ಲಿ. 3.3 ಲೀಟರಿನ ಮಾಡೆಲ್ ಎ 1000 ಆರ್‌ಪಿಎಂನಲ್ಲೇ ಸುಮಾರು 173 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ; ಮಾರುತಿಯದು ಹೆಚ್ಚೆಂದರೆ 59. ಆ 59 ಅನ್ನೇ 1600 ಆರ್‌ಪಿಎಂಗೆ ಲೆಕ್ಕ ಹಾಕಿದರೆ ಬರುವುದು 13 ಎಚ್‌ಪಿ ಅಷ್ಟೆ.

ಪ್ರೊಪೆಲ್ಲರನ್ನು 5000ದಲ್ಲೇ ತಿರುಗಿಸಿದರೆ ಏನಾಗುತ್ತದೆ ಎಂದು ಕೇಳಬಹುದು. ಮಾಡೆಲ್ ಎಗೆ ಸಾಮಾನ್ಯವಾಗಿ ಹಾಕುತ್ತಿದ್ದದ್ದು 76 ಇಂಚು ವ್ಯಾಸ, 48 ಇಂಚು ಪಿಚ್‌ನ ಮರದ ಪ್ರೊಪೆಲ್ಲರ್. ಪಿಚ್ ಅಂದರೆ ಗಾಳಿಯಲ್ಲಿ ಜಾರದಿದ್ದರೆ ಒಂದು ಸುತ್ತಿಗೆ ಅದು ಮುಂದೆ ಸಾಗುವ ದೂರ. 76 ಇಂಚು ಅಂದರೆ 1.93 ಮೀಟರ್, ಒಂದು ಸುತ್ತಿಗೆ ತುದಿ 6 ಮೀಟರಿಗೂ ಸ್ವಲ್ಪ ಹೆಚ್ಚು ಓಡುತ್ತದೆ. 1600ರಲ್ಲಿ ತುದಿಯ ವೇಗ ಸೆಕೆಂಡಿಗೆ 162 ಮೀಟರ್, 2200ರಲ್ಲಿ 222. ಅದನ್ನೇ 5000ಕ್ಕೆ ಏರಿಸಿದರೆ 500 ದಾಟಿ, ಶಬ್ದದ ವೇಗವನ್ನು ಎಲ್ಲೋ ಹಿಂದೆ ಬಿಡುತ್ತದೆ. ಆಗ ಎಂಜಿನ್ನಿನ ಶಕ್ತಿಯೆಲ್ಲ ಎಳೆತಕ್ಕೆ ಬದಲು ಗದ್ದಲಕ್ಕೆ ಹೋಗುತ್ತದೆ. ಅದಕ್ಕಿಂತ ಮುಂಚೆಯೇ ಮರ ಸೀಳಿರುತ್ತದೆ ಅನ್ನುವುದು ಬೇರೆ ಮಾತು. ಹಾಗಾಗಿ ಸಣ್ಣ, ವೇಗದ ಎಂಜಿನ್‌ಗೆ ನಡುವೆ ವೇಗ ಇಳಿಸುವ ರಿಡಕ್ಷನ್ ಗೇರ್ ಬೇಕೇ ಬೇಕು. ಈಗಿನ ರೋಟಾಕ್ಸ್ 912 ಎಂಜಿನ್ 5800ರಲ್ಲಿ ತಿರುಗುತ್ತಾ ಎರಡೂಕಾಲು, ಎರಡೂವರೆ ಪಟ್ಟಿನ ಗೇರ್ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. 1929ರಲ್ಲಿ ಹಳ್ಳಿಯ ಮೆಕ್ಯಾನಿಕ್ ಹತ್ತಿರ ಅಂಥ ಗೇರ್ ಕೊರೆಯುವ ಯಂತ್ರವೂ ಇರಲಿಲ್ಲ, ಅದನ್ನು ತಡೆಯುವ ಉಕ್ಕೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ನಿಧಾನವಾಗಿ ತಿರುಗಿ ಜೋರಾಗಿ ತಿರುಚುವ ಎಂಜಿನ್. 98.4 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ), 108 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 4.22ಕ್ಕೆ 1ರ ಕಂಪ್ರೆಷನ್ ಇರುವ ಈ ಎಂಜಿನ್ ಕಾರಿಗೆಂದೇ ಮಾಡಿದ್ದಾದರೂ ಪ್ರೊಪೆಲ್ಲರಿಗೆ ಅಳತೆ ತೆಗೆದು ಹೊಲಿದ ಹಾಗಿತ್ತು. ಪಿಚ್ ಲೆಕ್ಕವನ್ನೂ ನೋಡಿ: 48 ಇಂಚು ಅಂದರೆ 1.22 ಮೀಟರ್, 1600 ಆರ್‌ಪಿಎಂಗೆ ಗಂಟೆಗೆ 117 ಕಿಲೋಮೀಟರ್. ಆ ಹಗುರ ವಿಮಾನಗಳು ಹಾರುತ್ತಿದ್ದ ವೇಗವೂ ಹೆಚ್ಚುಕಡಿಮೆ ಅದೇ.

ಇದನ್ನು ಮಾಡಿ ತೋರಿಸಿದವರು ಮಿನ್ನೆಸೋಟ ರಾಜ್ಯದ ಚೆರಿ ಗ್ರೋವ್ ಎಂಬ ಸಣ್ಣ ಊರಿನ ಬರ್ನಾರ್ಡ್ ಪೀಟನ್‌ಪೋಲ್. ತಾವೇ ವಿನ್ಯಾಸ ಮಾಡಿದ ಏರ್ ಕ್ಯಾಂಪರ್ ಎಂಬ ಎರಡು ಸೀಟಿನ ಮರದ ವಿಮಾನವನ್ನು 1929ರಲ್ಲಿ ಮಾಡೆಲ್ ಎ ಎಂಜಿನ್ ಹಾಕಿ ಹಾರಿಸಿದರು. ಕಾರಿನ ಎಂಜಿನ್ ವಿಮಾನಕ್ಕೆ ಆಗಿಬರದು ಎಂದು ಬರೆದಿದ್ದ ಪತ್ರಿಕಾ ಸಂಪಾದಕರ ಮುಂದೆಯೇ 1930ರಲ್ಲಿ ಎರಡು ವಿಮಾನ ಇಳಿಸಿದ ಮೇಲೆ, ಅದೇ ಪತ್ರಿಕೆ ಅವರ ನಕ್ಷೆಗಳನ್ನು ಅಚ್ಚು ಹಾಕಿತು. ಆಗಿನ ಬೇರೆ ಆಯ್ಕೆಗಳೆಂದರೆ, ಒಂದು, ಮೊದಲ ಮಹಾಯುದ್ಧದಿಂದ ಮಿಕ್ಕ ಕರ್ಟಿಸ್ ಓಎಕ್ಸ್-5, 90 ಎಚ್‌ಪಿಯ ನೀರು ತಣಿಸುವ ವಿ-8. ಸಣ್ಣ ವಿಮಾನಕ್ಕೆ ತೀರಾ ಭಾರ. ಇನ್ನೊಂದು, 1931ರಲ್ಲಿ ಬಂದ ಕಾಂಟಿನೆಂಟಲ್ ಎ-40, 37 ಎಚ್‌ಪಿ, ತೂಕ ಬರೀ 144 ಪೌಂಡ್. ಮಾಡೆಲ್ ಎ ರೇಡಿಯೇಟರ್, ನೀರು ಸೇರಿ 240–250 ಪೌಂಡ್ ತೂಗುತ್ತಿತ್ತು. ಅಂದರೆ ನೂರು ಪೌಂಡ್ ಹೆಚ್ಚಿನ ಹೊರೆ. ಆದರೆ ಆರ್ಥಿಕ ಕುಸಿತದ ಕಾಲದಲ್ಲಿ ಗುಜರಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿದ್ದದ್ದು ಇದೇ.

ಈಗ ನಿಮ್ಮ ಎಂಜಿನ್‌ಗೆ ಬರೋಣ. ಕೈ ಹಚ್ಚುವ ಮುನ್ನ ಹೆಡ್ ಬಿಚ್ಚಿ ಬೋರ್ ಅಳೆಯಿರಿ. ಬ್ರಿಟನ್ನಿನಲ್ಲಿ ತೆರಿಗೆ ತಪ್ಪಿಸಲು ಬೋರನ್ನು ಸುಮಾರು 77 ಮಿಲಿಮೀಟರಿಗೆ ಇಳಿಸಿ, ಎರಡು ಲೀಟರ್ ಆಸುಪಾಸಿನ ‘ಎಎಫ್’ ಎಂಬ ರೂಪವನ್ನು ಮಾರುತ್ತಿದ್ದರು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಬೋರ್ 98 ಇದ್ದರೆ ಮುಂದುವರಿಯಿರಿ. 77 ಇದ್ದರೆ 76 ಇಂಚಿನ ಪ್ರೊಪೆಲ್ಲರನ್ನು ಅದು ಎಳೆಯುವುದಿಲ್ಲ, ಕಾರಿಗೇ ಉಳಿಸಿ. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವ್ ಸೀಟಿನಿಂದ ಸಿಲಿಂಡರ್ ಕಡೆಗೆ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಈ ಬ್ಲಾಕ್‌ಗಳ ಹಳೆಯ ಕಾಯಿಲೆ ಅದು.

ಎಂಜಿನ್ ಯಾವ ಕಡೆಗೆ ಮುಖ ಮಾಡಬೇಕು ಎನ್ನುವಲ್ಲಿ ಬಹಳ ಮಂದಿ ಎಡವುತ್ತಾರೆ. ಕಾರಿನಲ್ಲಿ ಮುಂದಿದ್ದ ಟೈಮಿಂಗ್ ಗೇರ್ ತುದಿ ವಿಮಾನದಲ್ಲಿ ಪೈಲಟ್ ಕಡೆಗೆ ಬರುತ್ತದೆ. ಫ್ಲೈವೀಲ್ ಇದ್ದ ತುದಿ ಮುಂದಕ್ಕೆ ಹೋಗಿ ಅದಕ್ಕೆ ಪ್ರೊಪೆಲ್ಲರ್ ಬರುತ್ತದೆ. ಕಾರಿನ ಮುಂದೆ ನಿಂತು ಹ್ಯಾಂಡಲ್ ಹೊಡೆಯುವವನಿಗೆ ಎಂಜಿನ್ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತದೆ. ಪೈಲಟ್ ಕಾಣುವುದೂ ಅದೇ ತುದಿಯನ್ನಾದ್ದರಿಂದ ಅವನಿಗೂ ಗಡಿಯಾರದ ದಿಕ್ಕೇ. ಹಾಗಾಗಿ ಅಮೆರಿಕನ್ ಲಘು ವಿಮಾನಗಳ ಮಾಮೂಲಿ ಪ್ರೊಪೆಲ್ಲರೇ ಇದಕ್ಕೂ ಸರಿಹೋಗುತ್ತದೆ. ಒಂದನೇ ಸಿಲಿಂಡರ್ ಈಗ ಪೈಲಟ್ ಪಕ್ಕದ್ದು, ನಾಲ್ಕನೆಯದು ಪ್ರೊಪೆಲ್ಲರ್ ಪಕ್ಕದ್ದು. ಫೈರಿಂಗ್ ಕ್ರಮ ಬದಲಾಗುವುದಿಲ್ಲ: 1-2-4-3.

ಬಿಚ್ಚಿ ಪಕ್ಕಕ್ಕಿಡಬೇಕಾದವು: ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಮತ್ತು ಅದರ ಹೌಸಿಂಗ್, ಸ್ಟಾರ್ಟರ್, ಡೈನಮೋ, ಫ್ಯಾನ್, ಡಿಸ್ಟ್ರಿಬ್ಯೂಟರ್. ಫ್ಲೈವೀಲ್ ಒಂದೇ 60 ಪೌಂಡಿನಾಚೆ ತೂಗುತ್ತದೆ. ಆ ಕೆಲಸವನ್ನು ಇನ್ನು ಪ್ರೊಪೆಲ್ಲರ್ ಮಾಡುತ್ತದೆ. ಆದ್ದರಿಂದ ಪ್ರೊಪೆಲ್ಲರಾಗಲಿ ಅದೇ ತೂಕದ ಮರದ ದಿಂಡಾಗಲಿ ಇಲ್ಲದೆ ಎಂಜಿನ್ ಚಾಲೂ ಮಾಡಬೇಡಿ; ಐಡಲಿನಲ್ಲಿ ಕ್ರ್ಯಾಂಕ್ ಜೋರಾಗಿ ಜಗ್ಗಿ ಟೈಮಿಂಗ್ ಗೇರಿನ ಹಲ್ಲು ಕಿತ್ತುಬರುತ್ತದೆ. ಆ ಕ್ಯಾಮ್ ಗೇರು ಮೂಲದಲ್ಲಿ ಬಟ್ಟೆ-ಬೇಕಲೈಟಿನದು, ಮೊದಲೇ ನಾಜೂಕು.

ಫ್ಲೈವೀಲ್ ಕೂರುತ್ತಿದ್ದ ಕ್ರ್ಯಾಂಕ್ ಫ್ಲ್ಯಾಂಜಿನಲ್ಲಿ ನಾಲ್ಕು ಬೋಲ್ಟ್ ತೂತು, ಎರಡು ಡೋವೆಲ್ ಪಿನ್ ಇರುತ್ತವೆ. ಪ್ರೊಪೆಲ್ಲರ್ ಹಬ್ಬನ್ನು ಇವಕ್ಕೇ ಹೊಂದುವ ಹಾಗೆ ಲೇತ್‌ನಲ್ಲಿ ಕಡೆಸಬೇಕು. ಉಕ್ಕಿನ ಹಬ್, ಮುಂದೆ ಒತ್ತುವ ಪ್ಲೇಟು, ನಡುವೆ ಮರ. ತಿರುಚುಬಲವನ್ನು ಬೋಲ್ಟುಗಳು ಹೊರಬಾರದು. ಮರ ಮತ್ತು ಹಬ್ ನಡುವಿನ ಒತ್ತಡದ ಘರ್ಷಣೆ ಹೊರಬೇಕು. ಬೋಲ್ಟ್ ಸಡಿಲಾದ ಗಳಿಗೆಯಿಂದ ಮರ ಉಜ್ಜಿಕೊಂಡು ಸುಡಲು ಶುರುವಾಗುತ್ತದೆ, ಪ್ಲೇಟಿನ ಅಂಚಿನಲ್ಲಿ ಕಪ್ಪು ಪುಡಿ ಕಾಣಿಸುತ್ತದೆ. ನಮ್ಮ ಬೇಸಿಗೆಯ ಒಣ ಗಾಳಿಗೆ ಮರ ಕುಗ್ಗುತ್ತದೆ, ಮಳೆಗಾಲಕ್ಕೆ ಉಬ್ಬುತ್ತದೆ. ಕಾಲ ಬದಲಾದಾಗಲೆಲ್ಲ ಬಿಗಿ ನೋಡಿ. ಹಬ್ ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ತಿರುಗುವಾಗ ಅದರ ಮುಖ ಓಲಾಡುತ್ತದೆಯೇ ನೋಡಿ, ಆಮೇಲೆ ಪ್ರೊಪೆಲ್ಲರ್ ಹಾಕಿ ಎರಡೂ ತುದಿ ಒಂದೇ ಜಾಗದಲ್ಲಿ ಹಾಯುತ್ತವೆಯೇ ನೋಡಿ. ತುದಿಗಳ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಹಬ್ ಅಥವಾ ಪ್ಲೇಟು ವಾಲಿದೆ ಎಂದರ್ಥ.

ಲೋಹದ ಪ್ರೊಪೆಲ್ಲರ್ ಸಿಕ್ಕಿತೆಂದು ಹಾಕಬೇಡಿ. ಯಾಕೆ ಎನ್ನುವುದಕ್ಕೆ ಈ ಎಂಜಿನ್ನಿನ ಅತಿ ದುರ್ಬಲ ಭಾಗದ ಹತ್ತಿರ ಹೋಗಬೇಕು.

ಅದು ಕ್ರ್ಯಾಂಕ್‌ಶಾಫ್ಟ್. ಮೂರೇ ಮೇನ್ ಬೇರಿಂಗ್. ಪ್ರತಿ ಎರಡು ಸಿಲಿಂಡರಿಗೆ ನಡುವೆ ಆಸರೆ ಇಲ್ಲ. ಬೇರಿಂಗಿನಲ್ಲಿ ಕೂತು ತಿರುಗುವ ದುಂಡು ಭಾಗಕ್ಕೆ ಜರ್ನಲ್ ಅನ್ನುತ್ತಾರೆ. ಮೇನ್ ಜರ್ನಲ್ ವ್ಯಾಸ ಒಂದೂ ಐದೆಂಟಾಂಶ ಇಂಚು, ಅಂದರೆ 41 ಮಿಲಿಮೀಟರ್. ರಾಡ್ ಜರ್ನಲ್ ಒಂದೂವರೆ ಇಂಚು, 38 ಮಿಲಿಮೀಟರ್. ಕೌಂಟರ್‌ವೆಯ್ಟ್ ಇಲ್ಲ. ಕಾರಿನಲ್ಲಿ ಈ ಕ್ರ್ಯಾಂಕಿಗೆ ತಿರುಚುವ ಹೊರೆ ಮಾತ್ರ. ವಿಮಾನದಲ್ಲಿ ಅದರ ಮೂತಿಗೆ ಒಂದು ಗಾಳಿಯಂತ್ರ ನೇತಾಡುತ್ತದೆ. ವಿಮಾನ ಮೂತಿ ತಿರುಗಿಸಿದಾಗ ಪ್ರೊಪೆಲ್ಲರ್ ಗೈರೋಸ್ಕೋಪಿನಂತೆ ಪ್ರತಿಭಟಿಸಿ ಕ್ರ್ಯಾಂಕಿನ ತುದಿಯನ್ನು ಬಗ್ಗಿಸುತ್ತದೆ. ಪ್ರೊಪೆಲ್ಲರಿಗೆ ಎರಡೇ ಅಲಗು ಇರುವುದರಿಂದ ಈ ಬಾಗುಬಲ ಸುತ್ತಿಗೆ ಎರಡು ಸಲ ಏರಿಳಿಯುತ್ತದೆ. ಪ್ರೊಪೆಲ್ಲರ್ ಭಾರವಾದಷ್ಟೂ ಈ ಬಲ ಜಾಸ್ತಿ. ಇದೆಲ್ಲ ಬಂದು ಕೂಡುವುದು ಪ್ರೊಪೆಲ್ಲರ್ ಪಕ್ಕದ ಮೇನ್ ಜರ್ನಲ್‌ನಿಂದ ನಾಲ್ಕನೇ ರಾಡ್ ಜರ್ನಲ್‌ವರೆಗಿನ ತುಂಡಿನ ಮೇಲೆ. ಜರ್ನಲ್ ಮತ್ತು ಅದರ ಪಕ್ಕದ ತೋಳು (ವೆಬ್) ಸೇರುವ ಮೂಲೆಯಲ್ಲಿ, ಫಿಲೆಟ್ ಅನ್ನುತ್ತೇವಲ್ಲ, ಅಲ್ಲಿ ಬಿರುಕು ಹುಟ್ಟಿ ದಿನೇ ದಿನೇ ಬೆಳೆದು ಒಂದು ದಿನ ತುಂಡಾಗುತ್ತದೆ.

ಸ್ಟ್ಯಾಂಡ್ ಮೇಲೆ ಓಡಿಸುವ ನಿಮಗೆ ಗೈರೋ ಹೊರೆ ಇಲ್ಲ. ಹಾಗೆಂದು ನಿಶ್ಚಿಂತೆಯಿಂದ ಇರಬೇಡಿ. ಈ ಕ್ರ್ಯಾಂಕ್ ತೊಂಬತ್ತು ವರ್ಷ ದಾಟಿದ್ದು. ಹಿಂದೆ ಯಾರು ಎಷ್ಟು ಸಲ ರುಬ್ಬಿಸಿದ್ದಾರೋ ಹೇಳಲಾಗದು. ಮೊದಲ ಕೆಲಸ, ಅದನ್ನು ತೊಳೆದು ಮ್ಯಾಗ್ನೆಟಿಕ್ ಕ್ರ್ಯಾಕ್ ಟೆಸ್ಟ್ ಮಾಡಿಸುವುದು. ದೊಡ್ಡ ಊರುಗಳ ಕ್ರ್ಯಾಂಕ್ ಗ್ರೈಂಡಿಂಗ್ ಶಾಪುಗಳಲ್ಲಿ ಇದು ದುಬಾರಿ ಕೆಲಸವಲ್ಲ. ಪ್ರತಿ ಫಿಲೆಟ್, ಫ್ಲ್ಯಾಂಜಿನ ಬುಡ, ಫ್ಲ್ಯಾಂಜಿನ ತೂತುಗಳ ಅಂಚು, ಇವನ್ನು ಬಿಡದೆ ನೋಡಲು ಹೇಳಿ. ಗ್ರೈಂಡಿಂಗ್ ಬೇಕಾದರೆ ಹತ್ತು–ಇಪ್ಪತ್ತು ಥೌ (ಇಂಚಿನ ಸಾವಿರದ ಒಂದು ಪಾಲು) ಅಂಡರ್‌ಸೈಜ್‌ಗೆ ನಿಲ್ಲಿಸಿ. ಗ್ರೈಂಡರ್‌ನವರಿಗೆ ಒಂದು ಮಾತು ಒತ್ತಿ ಹೇಳಬೇಕು: ಮೂಲೆಯ ದುಂಡು ಕಡಿಯಬಾರದು. ಕಲ್ಲಿನ ಅಂಚು ಚೂಪಾಗಿದ್ದು ಮೂಲೆಯಲ್ಲಿ ಕತ್ತಿ ಎಳೆದಂತೆ ಗೆರೆ ಬಿದ್ದರೆ, ಕ್ರ್ಯಾಂಕ್ ಎಷ್ಟು ಹೊಳೆದರೂ ಅದು ಗುಜರಿ ಮಾಲು.

ದುಡ್ಡಿದ್ದರೆ 1932ರ ಮಾಡೆಲ್ ಬಿ ಎಂಜಿನ್ ಹುಡುಕುವುದು ಉತ್ತಮ. ಅದರ ಮೇನ್ ಜರ್ನಲ್ 2 ಇಂಚು, ರಾಡ್ ಜರ್ನಲ್ ಒಂದೂ ಏಳೆಂಟಾಂಶ ಇಂಚು, ಶಕ್ತಿ 50 ಎಚ್‌ಪಿ, ಮೇನ್ ಬೇರಿಂಗಿಗೆ ಪಂಪಿನ ಒತ್ತಡದಲ್ಲೇ ಆಯಿಲ್. ಶಾಫ್ಟಿನ ಬಿಗಿತ ವ್ಯಾಸದ ನಾಲ್ಕನೇ ಘಾತದಂತೆ ಏರುವುದರಿಂದ ಈ ದಪ್ಪ ಕ್ರ್ಯಾಂಕ್ ಎರಡು ಪಟ್ಟಿಗೂ ಹೆಚ್ಚು ಗಟ್ಟಿ. ಪೀಟನ್‌ಪೋಲ್ ನಕ್ಷೆ ಮಾಡೆಲ್ ಎಗೆ ಬರೆದಿದ್ದರೂ, ಅನುಕೂಲ ಇದ್ದವರು ಮಾಡೆಲ್ ಬಿಗೆ ಹೋಗುವುದೇ ಜಾಣತನ.

ಎಳೆತದ ದಿಕ್ಕೂ ಒಂದು ಸೂಕ್ಷ್ಮ ವಿಚಾರ. ಮಾಡೆಲ್ ಎಯಲ್ಲಿ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವುದು ಫ್ಲೈವೀಲ್ ಪಕ್ಕದ ಮೇನ್ ಬೇರಿಂಗಿನ ಎರಡು ಮುಖಗಳು, ಬ್ಯಾಬಿಟ್ ಎಂಬ ಮೆದು ಬೇರಿಂಗ್ ಲೋಹದವು. ಕಾರಿನಲ್ಲಿ ಕ್ಲಚ್ ತುಳಿದಾಗ ಕ್ರ್ಯಾಂಕ್ ಟೈಮಿಂಗ್ ಗೇರ್ ಕಡೆಗೆ ತಳ್ಳಿಸಿಕೊಳ್ಳುತ್ತದೆ, ಹಾಗಾಗಿ ಸವೆಯುವುದು ಹೊರಮುಖ. ಪ್ರೊಪೆಲ್ಲರ್ ಎಳೆಯುವುದು ಅದಕ್ಕೆ ವಿರುದ್ಧವಾಗಿ, ಫ್ಲ್ಯಾಂಜ್ ಕಡೆಗೆ. ಹೊರೆ ಬೀಳುವುದು ಒಳಮುಖಕ್ಕೆ. ನಿಂತಲ್ಲೇ ಪೂರ್ತಿ ಥ್ರಾಟಲ್ ಕೊಟ್ಟರೆ ಸುಮಾರು ನೂರು–ನೂರಿಪ್ಪತ್ತು ಕೆಜಿ ಎಳೆತವನ್ನು ಆ ಸಣ್ಣ ಬ್ಯಾಬಿಟ್ ಬಳೆ ನಿರಂತರ ಹೊರಬೇಕು. ಕ್ಲಚ್‌ನ ಹೊರೆಯಾದರೋ ಗೇರ್ ಬದಲಿಸುವಾಗ ಒಂದೆರಡು ಸೆಕೆಂಡಿನದು. ಆದ್ದರಿಂದ ಬ್ಯಾಬಿಟ್ ಹೊಸದಾಗಿ ಎರಕ ಹೊಯ್ಯಿಸುವಾಗ ಒಳಮುಖ ಅಗಲವಾಗಿ, ಸಪಾಟಾಗಿ ಬರುವಂತೆ, ಅದರ ಮೇಲೆ ಆಯಿಲ್ ಹರಿಯಲು ಒಂದೆರಡು ಸಣ್ಣ ಗೀರು ಇರುವಂತೆ ನೋಡಿಕೊಳ್ಳಿ. ಎಂಡ್ ಪ್ಲೇ, ಅಂದರೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯುವ ಸಡಿಲು, ಐದಾರು ಥೌ ದಾಟಿದರೆ ಹಬ್ಬನ್ನು ಕೈಯಲ್ಲಿ ಹಿಡಿದು ಜಗ್ಗಿದಾಗಲೇ ‘ಟಕ್’ ಎನ್ನುವುದು ಕೇಳಿಸುತ್ತದೆ. ಓಡಿಸುವ ಪ್ರತಿ ದಿನವೂ ಹೀಗೆ ಜಗ್ಗಿ ನೋಡುವುದು ರೂಢಿಯಾಗಲಿ.

ರೇಡಿಯಲ್ ಗ್ಯಾಪ್ ಹೊಂದಿಸುವುದು ಹಳೆಯ ಪದ್ಧತಿಯಲ್ಲೇ: ಬೇರಿಂಗ್ ಕ್ಯಾಪಿನ ಕೆಳಗಿನ ಪದರದ ತೆಳು ತಗಡುಗಳಿಂದ (ಶಿಮ್) ಒಂದೊಂದು ಪದರ ಕಿತ್ತು, ಬೋಲ್ಟ್ ಪೂರ್ತಿ ಬಿಗಿದು, ಕೈಯಿಂದ ತಿರುಗಿಸಿ ನೋಡುತ್ತಾ ಹೋಗುವುದು. ಎರಡೂ ಕಡೆ ಸಮನಾಗಿ ಕೀಳಬೇಕು. ಒಂದರಿಂದ ಒಂದೂವರೆ ಥೌ ಗ್ಯಾಪ್ ಸಾಕು. ಕ್ಯಾಸಲ್ ನಟ್‌ಗೆ ಸ್ಪ್ಲಿಟ್ ಪಿನ್ ತೂತು ಸೇರದಿದ್ದರೆ ನಟ್ಟನ್ನು ಹಿಂದಕ್ಕೆ ಸಡಿಲಿಸಬಾರದು, ಅದರ ಮುಖ ಸ್ವಲ್ಪ ಉಜ್ಜಿ ಮುಂದಿನ ತೂತಿಗೆ ತರಬೇಕು.

ಇನ್ನು ಆಯಿಲ್. ಕ್ರ್ಯಾಂಕ್ ಮುರಿಯುವುದು ಅಪರೂಪದ ದೊಡ್ಡ ಅನಾಹುತವಾದರೆ, ಆಯಿಲ್ ಕೊರತೆ ದಿನನಿತ್ಯದ ಸಣ್ಣ ಸಾವು. ಮಾಡೆಲ್ ಎಯಲ್ಲಿ ಸಂಪಿನ (ತಳದ ಆಯಿಲ್ ತೊಟ್ಟಿಯ) ಗೇರ್ ಪಂಪ್ ಆಯಿಲನ್ನು ಎತ್ತಿ ವಾಲ್ವ್ ಕೋಣೆಗೆ ಸುರಿಯುತ್ತದೆ. ಅಲ್ಲಿಂದ ಮೇನ್ ಬೇರಿಂಗಿಗೆ ಅದು ಇಳಿಯುವುದು ತನ್ನ ಭಾರದಿಂದ ಮಾತ್ರ, ಒತ್ತಡ ಅನ್ನುವುದು ಹೆಸರಿಗಷ್ಟೇ. ಮಿಕ್ಕದ್ದು ಕೆಳಗಿನ ತಟ್ಟೆಯ ನಾಲ್ಕು ಗುಳಿಗಳಲ್ಲಿ ತುಂಬಿಕೊಳ್ಳುತ್ತದೆ. ಪ್ರತಿ ಕನೆಕ್ಟಿಂಗ್ ರಾಡಿನ ಬುಡದಲ್ಲಿರುವ ಚಮಚ ಅದರಲ್ಲಿ ಮುಳುಗಿ ಬೇರಿಂಗಿಗೆ ಬೇಕಾದಷ್ಟು ಮೊಗೆದುಕೊಳ್ಳುತ್ತದೆ. ಸಮತಟ್ಟು ರಸ್ತೆಯಲ್ಲಿ ಚೊಕ್ಕ ವ್ಯವಸ್ಥೆ. ವಿಮಾನ ಮೂತಿ ಎತ್ತಿ ಏರುವಾಗ ಆಯಿಲೆಲ್ಲ ಟೈಮಿಂಗ್ ಗೇರ್ ಕಡೆಗೆ ಇಳಿಯುತ್ತದೆ, ಪ್ರೊಪೆಲ್ಲರ್ ಪಕ್ಕದ ನಾಲ್ಕನೇ ಗುಳಿ ಬತ್ತುತ್ತದೆ, ಮತ್ತು ಅದೇ ತುದಿಯ ಮೇನ್ ಬೇರಿಂಗ್ ಅದೇ ಹೊತ್ತಿಗೆ ಅತಿ ಹೆಚ್ಚಿನ ಹೊರೆ ಹೊತ್ತಿರುತ್ತದೆ. ಬಾಲಚಕ್ರದ ವಿಮಾನ ನೆಲದಲ್ಲಿ ನಿಂತಾಗಲೂ ಮೂತಿ ಮೇಲೆಯೇ. ಮೂತಿ ತಗ್ಗಿಸಿ ಇಳಿಯುವಾಗ ಉಲ್ಟಾ: ಆಯಿಲ್ ಪ್ರೊಪೆಲ್ಲರ್ ತುದಿಗೆ ನುಗ್ಗುತ್ತದೆ, ಅಲ್ಲಿ ರಬ್ಬರ್ ಸೀಲ್ ಇಲ್ಲ, ಆಯಿಲ್ ಚಿಮ್ಮಿಸುವ ಬಳೆ ಮತ್ತು ಒಂದು ಸಣ್ಣ ವಾಪಸಿನ ಕೊಳವೆ ಮಾತ್ರ. ಹಳೆಯ ಚಿತ್ರಗಳ ಪೈಲಟ್‌ಗಳು ಕನ್ನಡಕ ಹಾಕಿಕೊಂಡಿದ್ದದ್ದು ಗಾಳಿಗೊಂದೇ ಅಲ್ಲ ಅನ್ನಿ.

ಇದಕ್ಕೆ ಮದ್ದು ಮೂರು. ತಟ್ಟೆಯ ಗುಳಿಗಳ ನಡುವಿನ ತಡೆಗೋಡೆ ಎತ್ತರಿಸಿ, ಸಂಪಿನೊಳಗೂ ಅಡ್ಡ ತಗಡು ಬೆಸೆದು ಆಯಿಲ್ ಒಂದೇ ಸಲ ಜಾರದಂತೆ ಮಾಡುವುದು ಮೊದಲನೆಯದು. ಪಂಪಿನಿಂದ ಬರುವ ಆಯಿಲಿನ ಒಂದು ಪಾಲನ್ನು ಕಾಲಿಂಚಿನ ತಾಮ್ರದ ಕೊಳವೆಯಲ್ಲಿ ನೇರವಾಗಿ ಪ್ರೊಪೆಲ್ಲರ್ ಪಕ್ಕದ ಮೇನ್ ಬೇರಿಂಗಿಗೆ ಒಯ್ಯುವುದು ಎರಡನೆಯದು. ಮಾಡೆಲ್ ಎಯನ್ನು ಹಾರಿಸುವವರು ಬಿಡದೆ ಮಾಡಬೇಕಾದ ಕೆಲಸ ಇದು. ಕೊಳವೆಯನ್ನು ಎಂಜಿನ್ ಮೈಗೆ ಎರಡು ಮೂರು ಕಡೆ ಕ್ಲಿಪ್ ಹಾಕಿ ಹಿಡಿಸಿ, ಇಲ್ಲದಿದ್ದರೆ ನಡುಕಕ್ಕೆ ಬೆಸುಗೆಯಲ್ಲೇ ಸೀಳುತ್ತದೆ. ನಡುವೆ ಒಂದು ಸುತ್ತು ಸುರುಳಿ ಬಿಟ್ಟರೆ ಇನ್ನೂ ಒಳ್ಳೆಯದು. ಮೂರನೆಯದು, ರಾಡಿನ ಚಮಚದ ಬಾಯಿ ತಿರುಗುವ ದಿಕ್ಕಿಗೇ ಇದೆಯೇ ಎಂದು ಜೋಡಿಸುವಾಗ ಒಂದೊಂದನ್ನೂ ಖಾತ್ರಿ ಮಾಡಿಕೊಳ್ಳುವುದು. ಕ್ಯಾಪ್ ಉಲ್ಟಾ ಹಾಕಿದ ರಾಡ್ ಚೆನ್ನಾಗಿಯೇ ತಿರುಗುತ್ತದೆ, ಓಡಲು ಶುರುವಾದ ಸ್ವಲ್ಪ ಹೊತ್ತಿಗೆ ಬ್ಯಾಬಿಟ್ ಕರಗಿಸಿಕೊಳ್ಳುತ್ತದೆ.

ಸಂಪಿಗೆ ಬೇಕಾಗುವ ಆಯಿಲ್ 4.7 ಲೀಟರ್. ನಮ್ಮ ಹವೆಗೆ ಎಸ್‌ಎಇ 40 ಸಾಕು. ಹೊಸದಾಗಿ ಜೋಡಿಸಿದ ಎಂಜಿನ್‌ಗೆ ಸಂಪ್ ತುಂಬಿದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ: ವಾಲ್ವ್ ಕೋಣೆಯ ಮುಚ್ಚಳ ತೆಗೆದು ಅಲ್ಲಿಗೇ ಒಂದು ಲೀಟರಿನಷ್ಟು ಸುರಿದು ಮೇನ್ ಬೇರಿಂಗಿಗೆ ಇಳಿಯಲು ಬಿಡುವುದು. ಒತ್ತಡ ಇಲ್ಲದ ವ್ಯವಸ್ಥೆಯಲ್ಲಿ ಮೊದಲ ನಿಮಿಷದ ಆಯಿಲ್ ಇದೇ.

ವಾಲ್ವ್ ಬಗ್ಗೆ ಸಂಕ್ಷೇಪದಲ್ಲಿ: ಮೂಲ ಟ್ಯಾಪೆಟ್‌ಗಳಲ್ಲಿ ಹೊಂದಿಸುವ ಸ್ಕ್ರೂ ಇಲ್ಲ, ವಾಲ್ವ್ ಕಾಂಡದ ಬುಡವನ್ನೇ ಉಜ್ಜಿ ಗ್ಯಾಪ್ ಮಾಡಬೇಕು. ಸ್ಕ್ರೂ ಇರುವ ಟ್ಯಾಪೆಟ್ ಹಾಕಿಸಿಕೊಂಡರೆ ತಲೆನೋವು ಕಡಿಮೆ. ಎಕ್ಸಾಸ್ಟ್ ಗ್ಯಾಪ್ ಇನ್ಲೆಟ್‌ಗಿಂತ ಹೆಚ್ಚಿರಲಿ. ಪ್ರೊಪೆಲ್ಲರ್ ಹಾಕಿದ ಎಂಜಿನ್ ಕಾರಿನ ಹಾಗೆ ಬಿಡುವು ಕಾಣದೆ ಒಂದೇ ಸಮ ಹೊರೆ ಎಳೆಯುವುದರಿಂದ ಎಕ್ಸಾಸ್ಟ್ ಕಾಂಡ ಹೆಚ್ಚು ಕಾದು ಹೆಚ್ಚು ಉದ್ದವಾಗುತ್ತದೆ. ಹೆಡ್ಡಿನ 14 ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ 55 ಪೌಂಡ್-ಅಡಿಗೆ (ಸುಮಾರು 75 ನ್ಯೂಟನ್ ಮೀಟರ್) ಬಿಗಿದು, ಒಮ್ಮೆ ಕಾದು ಆರಿದ ಮೇಲೆ ಮತ್ತೆ ನೋಡಿ.

ಇಗ್ನಿಷನ್‌ಗೆ ಬ್ಯಾಟರಿ-ಕಾಯಿಲ್ ಬದಲು, ತಿರುಗಿದಾಗ ಕಿಡಿಯ ವಿದ್ಯುತ್ತನ್ನು ತಾನೇ ಹುಟ್ಟಿಸುವ ಮ್ಯಾಗ್ನೆಟೋ ಹಾಕುತ್ತಿದ್ದರು. ಹಳೆಯ ನಾಲ್ಕು ಸಿಲಿಂಡರ್ ಟ್ರ್ಯಾಕ್ಟರಿನ ಮ್ಯಾಗ್ನೆಟೋ ಆಗಬಹುದು, ಇಂಪಲ್ಸ್ ಕಪ್ಲಿಂಗ್ ಇರುವುದೇ ಬೇಕು. ಕೈಯಿಂದ ಪ್ರೊಪೆಲ್ಲರ್ ತಿರುಗಿಸುವಾಗಿನ ನಿಧಾನ ವೇಗದಲ್ಲೂ ಅದು ಸ್ಪ್ರಿಂಗಿನಿಂದ ಚಟ್ಟನೆ ಸಿಡಿದು ದಪ್ಪ ಕಿಡಿ ಕೊಡುತ್ತದೆ, ಜೊತೆಗೆ ಕಿಡಿಯನ್ನು ತಡಮಾಡಿಸಿ ಎಂಜಿನ್ ಹಿಂದಕ್ಕೆ ಒದೆಯದಂತೆ ನೋಡಿಕೊಳ್ಳುತ್ತದೆ. ಸುತ್ತಿಗೆ ಎರಡು ಕಿಡಿ ಕೊಡುವ ಮ್ಯಾಗ್ನೆಟೋ ಕ್ರ್ಯಾಂಕಿನ ವೇಗದಲ್ಲೇ ತಿರುಗಬೇಕು. ಆದ್ದರಿಂದ ಅದನ್ನು ಟೈಮಿಂಗ್ ತುದಿಯ ಕ್ರ್ಯಾಂಕ್ ಮೂತಿಗೆ, ಗಟ್ಟಿ ಬ್ರ್ಯಾಕೆಟ್ ಮೇಲೆ, ನಡುವೆ ಸ್ವಲ್ಪ ಬಾಗುವ ಕಪ್ಲಿಂಗ್ ಇಟ್ಟು ನೇರವಾಗಿ ಜೋಡಿಸುವುದು ಸುಲಭ. ಕೊಳ್ಳುವಾಗ ದಿಕ್ಕು ನೋಡಿ: ಮ್ಯಾಗ್ನೆಟೋದ ದಿಕ್ಕನ್ನು ಅದರ ಶಾಫ್ಟ್ ಇರುವ ಕಡೆಯಿಂದ ನೋಡಿ ಹೇಳುತ್ತಾರೆ. ನಿಮ್ಮ ಜೋಡಣೆಯಲ್ಲಿ ಶಾಫ್ಟ್ ಎಂಜಿನ್ ಕಡೆಗಿರುವುದರಿಂದ ಎಂಜಿನ್ ಕಡೆಯಿಂದ ನೋಡಬೇಕು. ಅಲ್ಲಿಂದ ಕಾಣುವುದು ಗಡಿಯಾರದ ವಿರುದ್ಧ ದಿಕ್ಕು. ತಪ್ಪಾದ ದಿಕ್ಕಿನದು ತಂದರೆ ಇಂಪಲ್ಸ್ ಕಚ್ಚುವುದೇ ಇಲ್ಲ.

ಟೈಮಿಂಗ್ ಕೂರಿಸಲು ಫೋರ್ಡ್‌ನವರೇ ಒಂದು ಅನುಕೂಲ ಮಾಡಿಟ್ಟಿದ್ದಾರೆ. ಟೈಮಿಂಗ್ ಕವರಿನ ಮೇಲೊಂದು ಸಣ್ಣ ಪಿನ್ ಬೋಲ್ಟ್ ಇದೆ; ಬಿಚ್ಚಿ ಉಲ್ಟಾ ತಿರುಗಿಸಿ ಅದೇ ತೂತಿಗೆ ಒತ್ತಿ ಹಿಡಿದು, ಎಂಜಿನ್ನನ್ನು ನಿಧಾನಕ್ಕೆ ತಿರುಗಿಸಿದರೆ ಒಂದನೇ ಪಿಸ್ಟನ್ ಕಂಪ್ರೆಷನ್ ತುತ್ತತುದಿಗೆ ಬಂದಾಗ ಕ್ಯಾಮ್ ಗೇರಿನ ಗುಳಿಗೆ ಪಿನ್ ಇಳಿಯುತ್ತದೆ. ಅಲ್ಲಿಂದ 25–30 ಡಿಗ್ರಿ ಹಿಂದಕ್ಕೆ ಲೆಕ್ಕ ಹಾಕಿ ಓಡುವಾಗಿನ ಕಿಡಿ ಇಡಿ. ಪಿನ್ನನ್ನು ಮರೆಯದೆ ಮತ್ತೆ ಸರಿ ಮಾಡಿ ಹಾಕಿ, ಇಲ್ಲವಾದರೆ ಮೊದಲ ಸುತ್ತಿಗೇ ಗೇರ್ ಹೋಗುತ್ತದೆ. ಡಿಸ್ಟ್ರಿಬ್ಯೂಟರ್ ತೆಗೆದ ತೂತು ಮುಚ್ಚುವಾಗ, ಆಯಿಲ್ ಪಂಪನ್ನು ತಿರುಗಿಸುವ ಗೇರೂ ಅಲ್ಲೇ ಕೆಳಗಿದೆ ಎನ್ನುವುದು ನೆನಪಿರಲಿ. ಅದು ಮೇಲೆ ಏಳದಂತೆ ಮುಚ್ಚಳದಲ್ಲಿ ತಡೆ ಇರಬೇಕು. ಪ್ಲಗ್ ಗ್ಯಾಪನ್ನು ಕಾಯಿಲ್ ಕಾಲದ 35 ಥೌನಿಂದ 20–25ಕ್ಕೆ ಇಳಿಸಿ.

ಕಾರು ಮೆಕ್ಯಾನಿಕ್‌ಗಳು ಎಡವುವ ಅತಿ ಅಪಾಯದ ಜಾಗ ಇದು. ಕಾರಿನಲ್ಲಿ ವೈರ್ ಕಡಿದರೆ ಎಂಜಿನ್ ನಿಲ್ಲುತ್ತದೆ. ಮ್ಯಾಗ್ನೆಟೋದಲ್ಲಿ ಸ್ವಿಚ್ ಮಾಡುವುದು ಅದನ್ನು ಅರ್ತ್ ಮಾಡುವ ಕೆಲಸ. ಆ ವೈರ್ ಕಡಿದರೆ ಸ್ವಿಚ್ ‘ಆಫ್’ ತೋರಿಸುತ್ತಿದ್ದರೂ ಮ್ಯಾಗ್ನೆಟೋ ಜೀವಂತ. ಬಿಸಿ ಎಂಜಿನ್ನಿನ ಪ್ರೊಪೆಲ್ಲರನ್ನು ಯಾರಾದರೂ ಸುಮ್ಮನೆ ಅರ್ಧ ಸುತ್ತು ತಿರುಗಿಸಿದರೂ ಹತ್ತಿಕೊಳ್ಳಬಹುದು. ಸ್ವಿಚ್ ಎಲ್ಲೇ ಇರಲಿ, ಪ್ರೊಪೆಲ್ಲರನ್ನು ಯಾವಾಗಲೂ ಚಾಲೂ ಇರುವ ಯಂತ್ರವೆಂದೇ ಮುಟ್ಟಿ. ಓಡಿಸಿ ಮುಗಿದ ಮೇಲೆ ಪೆಟ್ರೋಲ್ ಕೊಳವೆಯ ನಲ್ಲಿಯನ್ನು ಮುಚ್ಚಿ, ಕಾರ್ಬುರೇಟರ್ ಒಣಗಿಸಿ ಎಂಜಿನ್ ನಿಲ್ಲಿಸುವುದು ಒಳ್ಳೆಯ ಅಭ್ಯಾಸ.

ಕಾರ್ಬುರೇಟರ್ ಮೂಲದ ಝೆನಿತ್ ಸಾಕು. ಟ್ಯಾಂಕ್ ಎತ್ತರದಲ್ಲಿಟ್ಟರೆ ಪಂಪ್ ಬೇಡ. ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಸುಮಾರು 15 ಲೀಟರ್ ಕುಡಿಯುತ್ತದೆ. ಕಾರ್ಬುರೇಟರ್ ಹತ್ತಿರ ಕೊಳವೆ ಬಿಚ್ಚಿ ಲೋಟಕ್ಕೆ ಹಿಡಿದಾಗ ನಿಮಿಷಕ್ಕೆ 375 ಮಿಲಿಲೀಟರ್, ಅಂದರೆ ಅದರ ಒಂದೂವರೆ ಪಟ್ಟು ಹರಿಯಬೇಕು. ಇಷ್ಟು ಕಡಿಮೆ ಕಂಪ್ರೆಷನ್‌ಗೆ ಆಕ್ಟೇನ್ ಚಿಂತೆ ಇಲ್ಲ. ಈಗಿನ ಬಂಕ್ ಪೆಟ್ರೋಲಿನ ಎಥನಾಲ್ ಮಾತ್ರ ಹಳೆಯ ಕಾರ್ಕ್, ರಬ್ಬರ್ ತಿನ್ನುತ್ತದೆ ಮತ್ತು ಮಿಶ್ರಣವನ್ನು ತೆಳು ಮಾಡುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರ, ಅಂದರೆ ಜೆಟ್, ಒಂದು ಹೆಜ್ಜೆ ದೊಡ್ಡದು ಬೇಕಾಗಬಹುದು. ಬೆಂಗಳೂರಿನಂಥ 900 ಮೀಟರ್ ಎತ್ತರದಲ್ಲಿ, ಮಧ್ಯಾಹ್ನದ ಸೆಕೆಗೆ, ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ 15ರಷ್ಟು ತೆಳುವಾಗಿರುತ್ತದೆ. ಎಂಜಿನ್ ಶಕ್ತಿ ಕಡಿಮೆಯಾದಂತೆ ಪ್ರೊಪೆಲ್ಲರ್ ಕುಡಿಯುವ ಶಕ್ತಿಯೂ ಕಡಿಮೆಯಾಗುವುದರಿಂದ ಟ್ಯಾಕೋಮೀಟರಿನಲ್ಲಿ ಈ ನಷ್ಟ ಕಾಣಿಸುವುದೇ ಇಲ್ಲ.

ರೇಡಿಯೇಟರನ್ನು ಪೀಟನ್‌ಪೋಲ್ ಎಂಜಿನ್ನಿನ ಮೇಲೆ, ಪೈಲಟ್ ಕಣ್ಣಿಗೆ ಅಡ್ಡವಾಗಿಯೇ ನಿಲ್ಲಿಸಿದ್ದರು. ನೋಟ ಹಾಳಾದರೂ ಅದು ಹೆಡ್ಡಿಗಿಂತ ಮೇಲಿರುವುದರಿಂದ ಬಿಸಿ ನೀರು ತಾನಾಗಿ ಏರುತ್ತದೆ. ತೊಂದರೆ ಏನೆಂದರೆ, ನೀರು ಹೊರಬೀಳುವ ದ್ವಾರ ಹೆಡ್ಡಿನ ಟೈಮಿಂಗ್ ತುದಿಯ ಕಡೆಗಿದೆ. ಮೂತಿ ಎತ್ತಿದಾಗ ಎತ್ತರದ ಜಾಗ ಪ್ರೊಪೆಲ್ಲರ್ ತುದಿ. ಅಲ್ಲಿ ಗಾಳಿ, ಹಬೆ ಸಿಕ್ಕಿಕೊಂಡು ನಾಲ್ಕನೇ ಸಿಲಿಂಡರ್ ಒಣಗುತ್ತದೆ. ಆ ತುದಿಯಲ್ಲಿ ಹೆಡ್ಡಿಗೆ ಒಂದು ಸಣ್ಣ ನಿಪ್ಪಲ್ ಹಾಕಿ ತೆಳು ಕೊಳವೆಯನ್ನು ರೇಡಿಯೇಟರ್ ತಲೆಗೆ ಒಯ್ದರೆ ಹಬೆ ಹೊರಟುಹೋಗುತ್ತದೆ. ಸ್ಟ್ಯಾಂಡ್ ಸಮತಟ್ಟಾಗಿದ್ದರೂ ಇದನ್ನು ಮಾಡಿಸಿ. ಮೊದಲ ಸಲ ನೀರು ತುಂಬುವಾಗಲೇ ಅದರ ಲಾಭ ಗೊತ್ತಾಗುತ್ತದೆ.

ಸ್ಟ್ಯಾಂಡ್ ನೆಲಕ್ಕೆ ಬೋಲ್ಟ್ ಆಗಿರಬೇಕು. ಮೇಲೆ ಹೇಳಿದ ನೂರಿಪ್ಪತ್ತು ಕೆಜಿ ಎಳೆತದ ಕನಿಷ್ಠ ಐದು ಪಟ್ಟು ತಡೆಯುವಂತೆ ಲೆಕ್ಕ ಇರಲಿ. ಜನ ನಿಲ್ಲುವುದು ಹಿಂದೆ, ದೂರದಲ್ಲಿ; ಪ್ರೊಪೆಲ್ಲರ್ ತಿರುಗುವ ಸಮತಲದ ಪಕ್ಕಗಳಲ್ಲಿ ಯಾರೂ ನಿಲ್ಲಕೂಡದು, ಚೂರು ಹಾರುವುದು ಆ ಕಡೆಗೇ. ಸುತ್ತ ಜಲ್ಲಿಕಲ್ಲು ಇದ್ದರೆ ಗುಡಿಸಿ. ಮೊದಲ ಓಟ ಹತ್ತು ನಿಮಿಷ, 800–1000 ಆರ್‌ಪಿಎಂನಲ್ಲಿ. ನಿಲ್ಲಿಸಿ, ತಣ್ಣಗಾಗಿಸಿ, ಸಂಪಿನ ಆಯಿಲ್ ಒಂದು ಬಿಳಿ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ಬೆಳ್ಳಿಯ ಪುಡಿಯಂಥ ಮಿನುಗು ಸ್ವಲ್ಪ ಇದ್ದರೆ ಹೊಸ ಬ್ಯಾಬಿಟ್ ಕೂರುತ್ತಿದೆ. ಉಗುರಿಗೆ ಸಿಗುವ ಚಕ್ಕೆ ಇದ್ದರೆ ಸಂಪ್ ಇಳಿಸಿ, ಮೊದಲು ನಾಲ್ಕನೇ ರಾಡ್ ನೋಡಿ. ಹೀಗೆ ಎರಡು ಮೂರು ಸಲ ಆದ ಮೇಲೆ 1200, ಆಮೇಲೆ 1400. ಹಬ್ ಬೋಲ್ಟ್‌ಗಳನ್ನು ಮೊದಲ ಓಟದ ನಂತರ, ಮೊದಲ ಒಂದು ಗಂಟೆಯ ನಂತರ, ಆಮೇಲೆ ಪ್ರತಿ ಪ್ರದರ್ಶನಕ್ಕೂ ಮುಂಚೆ ನೋಡಿ. 76ಕ್ಕೆ 48ರ ಪ್ರೊಪೆಲ್ಲರ್‌ಗೆ ನಿಂತಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ 1600ರ ಹತ್ತಿರ ಬಂದರೆ ಎಂಜಿನ್ ಆರೋಗ್ಯವಾಗಿದೆ. 1400 ದಾಟದಿದ್ದರೆ ಕಂಪ್ರೆಷನ್, ಕಿಡಿಯ ಮುಂಗಡ, ಜೆಟ್, ಈ ಕ್ರಮದಲ್ಲಿ ಹುಡುಕಿ. ಪೂರ್ತಿ ಥ್ರಾಟಲ್ ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ನಿಂತ ಜಾಗದಲ್ಲಿ ರೇಡಿಯೇಟರಿಗೆ ಹಾರಾಟದ ಗಾಳಿ ಸಿಗುವುದಿಲ್ಲ.

ಗ್ಯಾಸ್ಕೆಟ್, ವಾಲ್ವ್, ಪಿಸ್ಟನ್, ರಿಂಗ್, ಅಲ್ಯೂಮಿನಿಯಂ ಕ್ಯಾಮ್ ಗೇರ್ ಇವೆಲ್ಲ ಅಮೆರಿಕದಲ್ಲಿ ಇವತ್ತಿಗೂ ಹೊಸದಾಗಿ ತಯಾರಾಗುತ್ತವೆ. ಸುಮಾರು 48 ಲಕ್ಷ ಕಾರು ಮಾರಾಟವಾದ ಎಂಜಿನ್ ಇದು. ಹಬ್, ಮ್ಯಾಗ್ನೆಟೋ ಬ್ರ್ಯಾಕೆಟ್, ಆಯಿಲ್ ಕೊಳವೆ, ಸ್ಟ್ಯಾಂಡ್ ಇವನ್ನು ನಿಮ್ಮೂರಿನ ಲೇತ್ ಶಾಪಿನಲ್ಲೇ ಮಾಡಿಸಬಹುದು. ಪ್ರೊಪೆಲ್ಲರನ್ನು ಮಾತ್ರ ಗೋಡೆಗೆ ತೂಗುಹಾಕಿದ್ದ ಹಳೆಯದನ್ನು ಇಳಿಸಿ ಹಾಕಬೇಡಿ. ಅಂಟು ಬಿಟ್ಟಿದೆಯೇ ಎಂದು ಬಣ್ಣದ ಅಡಿಯಲ್ಲಿ ಕಾಣುವುದಿಲ್ಲ. ಮತ್ತು ಈ ಎಂಜಿನ್ನನ್ನು ಮುಂದೆಂದಾದರೂ ವಿಮಾನಕ್ಕೆ ಹಾಕುವ ಯೋಚನೆ ಬಂದರೆ, ಮೊದಲು ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಅನುಮತಿಯ ದಾರಿ ವಿಚಾರಿಸಿ, ಆಮೇಲೆ ಸ್ಪ್ಯಾನರ್ ಎತ್ತಿಕೊಳ್ಳಿ.